ಬೀದಿಯ ಪ್ರಶ್ನೆ, ಶ್ರಾವಕನ ಉತ್ತರ

ವಾರಾಂತ್ಯದ ಸಂಜೆಗಳಲ್ಲಿ ಮಹಾನಗರಗಳ ಜನನಿಬಿಡ ರಸ್ತೆಗಳಲ್ಲಿ ಈಗ ಆಗಾಗ ಒಂದು ದೃಶ್ಯ ಕಣ್ಣಿಗೆ ಬೀಳುತ್ತದೆ. ಕಪ್ಪು ಉಡುಪು ತೊಟ್ಟು, ಮುಖವಾಡ ಧರಿಸಿದ ಕೆಲವು ಯುವಜನರು ಚೌಕಾಕಾರದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಮೌನವಾಗಿ ನಿಂತಿರುತ್ತಾರೆ. ಅವರು ಹಿಡಿದ ಪರದೆಗಳ ಮೇಲೆ ಕೋಳಿ ಸಾಕಣೆ ಕೇಂದ್ರ, ಡೇರಿ, ಕಸಾಯಿಖಾನೆಗಳ ಒಳಗಿನ ಚಿತ್ರಗಳು ಚಲಿಸುತ್ತಿರುತ್ತವೆ. ದಾರಿಹೋಕರು ನಿಂತು ನೋಡಿದರೆ, ಮುಖವಾಡವಿಲ್ಲದ ಸ್ವಯಂಸೇವಕರೊಬ್ಬರು ಬಳಿ ಬಂದು ಮಾತಿಗೆ ತೊಡಗುತ್ತಾರೆ. ಅವರು ಉಪದೇಶಕ್ಕಿಂತ ಹೆಚ್ಚಾಗಿ ಪ್ರಶ್ನೆಗಳನ್ನೇ ಮುಂದಿಡುತ್ತಾರೆ. ಈ ವಿಧಾನ 2016ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಆರಂಭವಾಯಿತು. ಇಂದು ಅದು ಹಲವು ದೇಶಗಳಿಗೆ ಹರಡಿದೆ, ಭಾರತದ ಮಹಾನಗರಗಳಿಗೂ ಬಂದಿದೆ. ಕರಪತ್ರ ಹಂಚುವವರು, ಸಸ್ಯಾಹಾರದ ಮೆರವಣಿಗೆ ನಡೆಸುವವರು ಇದಕ್ಕೂ ಹಿಂದಿನಿಂದಲೇ ಇದ್ದಾರೆ.

ಜೈನ ಕಥಾಪರಂಪರೆಯನ್ನು ಬಲ್ಲವರಿಗೆ ಈ ದೃಶ್ಯ ಅಪರಿಚಿತವೆನಿಸದು. ಇಪ್ಪತ್ತೆರಡನೆಯ ತೀರ್ಥಂಕರ ನೇಮಿನಾಥರ ವೈರಾಗ್ಯಕ್ಕೆ ಕಾರಣವಾದದ್ದೂ ದಾರಿಯಲ್ಲಿ ಕಂಡ ಒಂದು ನೋಟವೇ. ವಿವಾಹದ ಮೆರವಣಿಗೆ ಸಾಗುತ್ತಿರುವಾಗ, ಬೇಲಿಯೊಳಗೆ ಕೂಡಿಹಾಕಿದ ಪ್ರಾಣಿಗಳ ಆರ್ತನಾದ ಅವರ ಕಿವಿಗೆ ಬಿತ್ತು. ಇವು ಏಕೆ ಹೀಗೆ ಕೂಗುತ್ತಿವೆ ಎಂದು ಅವರು ಸಾರಥಿಯನ್ನು ವಿಚಾರಿಸಿದರು. ಮದುವೆಯ ಔತಣಕ್ಕಾಗಿ ಎಂಬ ಉತ್ತರ ಬಂತು. ರಥ ಹಿಂದಿರುಗಿತು, ವರ ಗಿರಿನಾರ ಪರ್ವತದತ್ತ ನಡೆದ. ಅಲ್ಲಿ ನೇಮಿಗೆ ಯಾರೂ ಉಪದೇಶ ಮಾಡಲಿಲ್ಲ. ಅವರು ಕಂಡರು, ಕೇಳಿದರು, ಆ ಹಿಂಸೆ ತಮ್ಮ ನಿಮಿತ್ತವಾಗಿಯೇ ನಡೆಯಲಿದೆ ಎಂದು ಅರಿತರು. ಅಂದು ಬೇಲಿ ದಾರಿಯ ಪಕ್ಕದಲ್ಲೇ ಇತ್ತು. ಇಂದು ಅದು ಊರಾಚೆಯ ಗೋಡೆಗಳ ಹಿಂದಿದೆ, ಅಂಗಡಿಗೆ ಬರುವುದು ಅಂದದ ಪೊಟ್ಟಣ ಮಾತ್ರ. ಬೀದಿಯ ಪರದೆ ಆ ಗೋಡೆಯನ್ನು ಸ್ವಲ್ಪ ಹೊತ್ತು ಸರಿಸುತ್ತದೆ. ಆ ಮಟ್ಟಿಗೆ ಅದರ ಕೆಲಸ ಧರ್ಮಕ್ಕೆ ಹತ್ತಿರವಾದದ್ದೇ.

ಆದರೆ ನೋಡಿದ ಮೇಲೆ ಆರಂಭವಾಗುವ ಸಂವಾದವೇ ಕಠಿಣವಾದದ್ದು. ಭಾರತವನ್ನು ಸಸ್ಯಾಹಾರಿಗಳ ದೇಶವೆಂದು ಹೊರಗಿನವರು ಭಾವಿಸುವುದುಂಟು. 2021ರಲ್ಲಿ ಪ್ರಕಟವಾದ ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಯಲ್ಲಿ ತಾವು ಸಸ್ಯಾಹಾರಿಗಳೆಂದು ಹೇಳಿಕೊಂಡ ಭಾರತೀಯ ವಯಸ್ಕರು ಶೇ 39ರಷ್ಟು, ಜೈನರಲ್ಲಿ ಈ ಪ್ರಮಾಣ ಶೇ 92. ಕರ್ನಾಟಕದಲ್ಲಿ 2014ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಸಸ್ಯಾಹಾರಿಗಳು ನೂರಕ್ಕೆ ಸುಮಾರು 21 ಮಂದಿ. ಅಂದರೆ ನಮ್ಮ ಬೀದಿಯಲ್ಲಿ ಈ ಪರದೆಯ ಮುಂದೆ ನಿಲ್ಲುವ ಐವರಲ್ಲಿ ನಾಲ್ವರ ಮನೆಯ ಅಡುಗೆಯ ಕುರಿತೇ ಅಲ್ಲಿ ಪ್ರಶ್ನೆ ಏಳುತ್ತದೆ. ಅವರು ಕೊಡುವ ಉತ್ತರಗಳು ಎಲ್ಲ ಊರುಗಳಲ್ಲೂ ಬಹುಮಟ್ಟಿಗೆ ಒಂದೇ ಬಗೆಯವು. ಅವುಗಳಲ್ಲಿ ನಾಲ್ಕನ್ನು ಜೈನ ದೃಷ್ಟಿಯಿಂದ ಪರಿಶೀಲಿಸುವುದು ಉಚಿತ.

ಮೊದಲನೆಯದು, ಗಿಡಗಳಿಗೂ ಜೀವವಿದೆಯಲ್ಲ ಎಂಬ ಮಾತು. ಬಹುಪಾಲು ಸ್ವಯಂಸೇವಕರು ಇದನ್ನು ಕುತರ್ಕವೆಂದು ಬದಿಗೆ ತಳ್ಳುತ್ತಾರೆ. ಜೈನನಿಗೆ ಆ ಸ್ವಾತಂತ್ರ್ಯವಿಲ್ಲ. ವನಸ್ಪತಿಯೂ ಜೀವ ಎಂಬುದು ಅವನ ಆಗಮಗಳ ನಿಲುವು. ಗೆಡ್ಡೆಗೆಣಸುಗಳನ್ನು ತ್ಯಜಿಸಿರುವ ಜೈನರು ಮೂವರಲ್ಲಿ ಇಬ್ಬರಿದ್ದಾರೆ ಎಂಬುದೂ ಮೇಲಿನ ಸಮೀಕ್ಷೆಯಿಂದ ತಿಳಿದ ಸಂಗತಿ. ಹೀಗಾಗಿ ಈ ಆಕ್ಷೇಪವನ್ನು ಅತ್ಯಂತ ಗಂಭೀರವಾಗಿ ತೆಗೆದುಕೊಂಡವರು ಜೈನರೇ. ಅವರ ಉತ್ತರ ಹಂತಹಂತವಾದದ್ದು. ಒಂದೇ ಸ್ಪರ್ಶೇಂದ್ರಿಯವುಳ್ಳ ಸ್ಥಾವರ ಜೀವಗಳ ಹಿಂಸೆ ಗೃಹಸ್ಥನಿಗೆ ಪೂರ್ತಿಯಾಗಿ ತಪ್ಪದು, ಅದನ್ನು ಮಿತಗೊಳಿಸಬೇಕು. ಎರಡರಿಂದ ಐದು ಇಂದ್ರಿಯಗಳುಳ್ಳ ತ್ರಸಜೀವಿಗಳನ್ನು ಸಂಕಲ್ಪಪೂರ್ವಕವಾಗಿ ಕೊಲ್ಲುವುದನ್ನು ಅವನು ಬಿಡಲೇಬೇಕು. ಸಾಕಣೆ ಕೇಂದ್ರದ ಕೋಳಿ ತಿನ್ನುವುದು ಜೋಳ ಮತ್ತು ಸೋಯಾ. ತಾನು ತಿಂದುದಕ್ಕಿಂತ ಕಡಿಮೆ ಆಹಾರವನ್ನೇ ಅದು ಹಿಂದಿರುಗಿಸುತ್ತದೆ. ಗಿಡಗಳ ಮೇಲೆ ನಿಜವಾದ ಕರುಣೆ ಇರುವವನಿಗೂ ಮಾಂಸವನ್ನು ಬಿಡುವುದೇ ಲಾಭ. ಈ ವಿವರಣೆಯನ್ನು ನಗೆಯಾಡದೆ ಕೊಟ್ಟರೆ ಎದುರಿನವನು ಯೋಚಿಸುತ್ತಾನೆ, ಅವನ ಮಾತನ್ನು ಗೇಲಿ ಮಾಡಿದರೆ ಮುಂದಕ್ಕೆ ನಡೆಯುತ್ತಾನೆ.

ಎರಡನೆಯದು ಹಸಿವಿನ ಮಾತು. ಕೂಲಿ ಮುಗಿಸಿ ಮನೆಗೆ ಹೊರಟ ಕಟ್ಟಡ ಕಾರ್ಮಿಕನೊಬ್ಬ ಪರದೆಯ ಮುಂದೆ ನಿಂತು, ಅಗ್ಗಕ್ಕೆ ಸಿಗುವ ಪುಷ್ಟಿಕರ ಆಹಾರ ಮೊಟ್ಟೆಯೇ ಅಲ್ಲವೇ ಎಂದರೆ ಉತ್ತರವೇನು? 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಮತ್ತು ವಿಜಯಪುರದ ಶಾಲೆಗಳಲ್ಲಿ ಮಧ್ಯಾಹ್ನದ ಊಟದೊಡನೆ ಮೊಟ್ಟೆ ಕೊಡುವ ಯೋಜನೆ ಆರಂಭವಾದಾಗ ನಾಡಿನಲ್ಲಿ ಇದೇ ಪ್ರಶ್ನೆ ದೊಡ್ಡ ಚರ್ಚೆಯಾಯಿತು. ಅಪೌಷ್ಟಿಕತೆ ಹೆಚ್ಚಾಗಿದ್ದ ಕಾರಣಕ್ಕೆ ಆ ಜಿಲ್ಲೆಗಳನ್ನು ಆರಿಸಲಾಗಿತ್ತು. ಕೆಲವು ಧಾರ್ಮಿಕ ಮುಖಂಡರು ವಿರೋಧಿಸಿದರು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇತ್ತು, ಹೆಚ್ಚಿನ ಮಕ್ಕಳು ಮೊಟ್ಟೆಯನ್ನೇ ಆರಿಸಿಕೊಂಡರು.

ಇಲ್ಲಿ ಎರಡು ಸತ್ಯಗಳನ್ನು ಒಟ್ಟಿಗೆ ಹಿಡಿಯಬೇಕಾಗುತ್ತದೆ, ಅನೇಕಾಂತವಾದದ ಪ್ರಯೋಜನ ಇಂಥ ಕಡೆಯಲ್ಲೇ. ಮೊಟ್ಟೆಯಿಡುವ ಕೋಳಿಗೆ ತಂತಿಯ ಪಂಜರದಲ್ಲಿ ದೊರೆಯುವುದು ಒಂದು ಕಾಗದದ ಹಾಳೆಯಷ್ಟೇ ಜಾಗ. ಈ ಸ್ಥಿತಿಯ ಬಗ್ಗೆ ಭಾರತೀಯ ಕಾನೂನು ಆಯೋಗವೇ 2017ರಲ್ಲಿ ತನ್ನ 269ನೆಯ ವರದಿಯನ್ನು ಸಲ್ಲಿಸಿದೆ. ಮೊಟ್ಟೆಯ ತಳಿಗಳಲ್ಲಿ ಹುಟ್ಟುವ ಗಂಡು ಮರಿಗಳು ಉದ್ಯಮಕ್ಕೆ ನಿರುಪಯುಕ್ತವಾದ್ದರಿಂದ ಮೊದಲ ದಿನವೇ ಅವುಗಳನ್ನು ಕೊಲ್ಲುವ ಪದ್ಧತಿಯಿದೆ. ಇದು ಒಂದು ಸತ್ಯ. ರಾಯಚೂರಿನದೋ ಯಾದಗಿರಿಯದೋ ಒಂದು ಮಗುವಿನ ದೇಹ ಪ್ರೋಟೀನಿನ ಕೊರತೆಯಿಂದ ಬೆಳವಣಿಗೆ ಕಳೆದುಕೊಳ್ಳುತ್ತಿರುವುದು ಇನ್ನೊಂದು ಸತ್ಯ. ತನ್ನಲ್ಲಿರುವುದನ್ನು ಬಿಡುವುದು ತ್ಯಾಗವಾಗುತ್ತದೆ. ಇಲ್ಲದವನ ತಟ್ಟೆಯಿಂದ ತೆಗೆಸುವುದಕ್ಕೆ ಆ ಹೆಸರು ಸಲ್ಲದು.

ಜೈನ ಪರಂಪರೆ ದಾನವನ್ನು ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕಾಗಿ ವಿಂಗಡಿಸಿದೆ. ಕೋಳಿಗೆ ಅಭಯ ಸಲ್ಲಬೇಕು, ಮಗುವಿಗೆ ಆಹಾರ ಸಲ್ಲಬೇಕು. ಒಂದನ್ನು ಕೊಡಲು ಇನ್ನೊಂದನ್ನು ಕಸಿಯಬೇಕೆಂದು ಶಾಸ್ತ್ರ ಎಲ್ಲೂ ವಿಧಿಸಿಲ್ಲ. ಮೊಟ್ಟೆ ಬೇಡವೆನ್ನುವ ಶ್ರಾವಕ ಸಮಾಜ ಆ ಶಾಲೆಗಳಿಗೆ ಬೇಳೆ, ಕಡಲೆ, ಶೇಂಗಾ, ರಾಗಿಯನ್ನು ದಿನವೂ ತಲುಪಿಸುವ ಹೊಣೆ ಹೊತ್ತರೆ, ಅದರ ಮಾತಿಗೆ ಬೀದಿಯಲ್ಲೂ ಸಭೆಯಲ್ಲೂ ಬೆಲೆ ಬರುತ್ತದೆ. ಹೊಣೆ ಹೊರದೆ ಹೇಳಿದರೆ ಅದು ಹೊಟ್ಟೆ ತುಂಬಿದವರ ಮಾತಾಗಿ ಕೇಳಿಸುತ್ತದೆ.

ಮೂರನೆಯ ಉತ್ತರದಲ್ಲಿ ನೋವು ಮತ್ತು ಕೋಪ ಬೆರೆತಿರುತ್ತವೆ. ನಮ್ಮನ್ನು ಕೀಳೆಂದು ಕಾಣುವುದಕ್ಕೇ ಈ ಮಾತು ಆಡುತ್ತೀರಿ ಎಂದು ಕೆಲವರು ನೇರವಾಗಿ ಹೇಳುತ್ತಾರೆ. ಇದನ್ನು ಪೂರ್ವಗ್ರಹವೆಂದು ಕಡೆಗಣಿಸಲಾಗದು. ಮಾಂಸ ಬೇಯಿಸುವವರೆಂಬ ಕಾರಣಕ್ಕೆ ಬಾಡಿಗೆ ಮನೆ ಸಿಗದವರು, ಜೊತೆಗೆ ಕುಳಿತು ಉಣ್ಣುವ ಪಂಕ್ತಿಯಿಂದ ದೂರ ಉಳಿದವರು, ಆಹಾರದ ಹೆಸರಿನಲ್ಲಿ ಜಾತಿಯ ಅವಮಾನ ಉಂಡವರು ನಮ್ಮ ನಗರಗಳಲ್ಲಿ ಅಸಂಖ್ಯ. ಅವರಿಗೆ ಸಸ್ಯಾಹಾರ ಎಂಬ ಶಬ್ದವೇ ಮುಚ್ಚಿದ ಬಾಗಿಲಿನಂತೆ ಕೇಳಿಸುತ್ತದೆ. ಅಂಥವರ ಎದುರು ಪ್ರಾಣಿದಯೆಯ ಕುರಿತು ಮಾತನಾಡುವವನು ಮನುಷ್ಯದಯೆಯ ಪರೀಕ್ಷೆಯನ್ನು ಮೊದಲು ದಾಟಬೇಕಾಗುತ್ತದೆ.

ಸಮ್ಯಗ್ದರ್ಶನದ ಎಂಟು ಅಂಗಗಳ ಕ್ರಮ ಇಲ್ಲಿ ಬೆಳಕು ನೀಡುತ್ತದೆ. ಧರ್ಮದ ಮಹಿಮೆಯನ್ನು ಲೋಕದಲ್ಲಿ ಪ್ರಕಟಿಸುವ ಪ್ರಭಾವನೆ ಎಂಬುದು ಎಂಟನೆಯ ಅಂಗ. ಬೀದಿಯ ಪ್ರಚಾರವೂ ಪ್ರಭಾವನೆಯ ಒಂದು ರೂಪವೇ ಸರಿ. ಆದರೆ ಅದಕ್ಕಿಂತ ಮೊದಲು ಬರುವ ಅಂಗಗಳಲ್ಲಿ ನಿರ್ವಿಚಿಕಿತ್ಸೆ ಇದೆ, ಉಪಗೂಹನವಿದೆ, ಸ್ಥಿತಿಕರಣವಿದೆ, ವಾತ್ಸಲ್ಯವಿದೆ. ಮುನಿಗಳ ಮಲಿನ ದೇಹವನ್ನು ಕಂಡು ಅಸಹ್ಯಪಡದಿರುವುದು ನಿರ್ವಿಚಿಕಿತ್ಸೆಯ ಮೂಲ ಸಂದರ್ಭ. ಆ ಮನೋಭಾವ ಬಲಿತರೆ ಮಾಂಸ ತಿನ್ನುವ ನೆರೆಯವನನ್ನು ಕಂಡಾಗಲೂ ಜುಗುಪ್ಸೆ ಮೂಡದು. ಪರರ ದೋಷವನ್ನು ಬಯಲಿಗೆಳೆಯದಿರುವುದು ಉಪಗೂಹನ, ಜಾರುವವನನ್ನು ಹಿಡಿದು ನಿಲ್ಲಿಸುವುದು ಸ್ಥಿತಿಕರಣ. ಈ ಅಂಗಗಳಿಲ್ಲದೆ ಪ್ರಭಾವನೆಗೆ ಹೊರಟವನ ಕೈಯಲ್ಲಿ ಅಹಿಂಸೆ ಇನ್ನೊಬ್ಬರನ್ನು ಅಳೆಯುವ ಕೋಲು ಮಾತ್ರವಾಗುತ್ತದೆ. ಮುನಿಗಳಿಗೆ ವಿಧಿಸಿದ ಭಾಷಾಸಮಿತಿ, ಅಂದರೆ ಹಿತವೂ ಮಿತವೂ ಪ್ರಿಯವೂ ಆದ ಮಾತಿನ ಎಚ್ಚರ, ಗೃಹಸ್ಥನಿಗೂ ಇಲ್ಲಿ ಬೇಕು.

ನಾಲ್ಕನೆಯ ಭೇಟಿ ಜೈನ ಓದುಗರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಬಸದಿಯಿಂದ ಮನೆಗೆ ಮರಳುವ ಶ್ರಾವಕ ದಂಪತಿಗಳು ಪರದೆಯನ್ನು ಕಂಡು, ನಾವು ಹುಟ್ಟಾ ಸಸ್ಯಾಹಾರಿಗಳು ಎಂದು ಸಮಾಧಾನದಿಂದ ನುಡಿಯುತ್ತಾರೆ. ಆಗ ಸ್ವಯಂಸೇವಕ ಕೇಳುವ ಪ್ರಶ್ನೆ ಒಂದೇ: ನೀವು ಕುಡಿಯುವ ಹಾಲು ಕೊಟ್ಟ ಹಸುವಿನ ಗಂಡು ಕರು ಈಗ ಎಲ್ಲಿದೆ? ಮಾಂಸಾಹಾರಿಗಾಗಿ ನಿಂತಿದೆ ಎಂದುಕೊಂಡಿದ್ದ ಪರದೆ ಒಮ್ಮೆಲೇ ಇವರತ್ತ ತಿರುಗುತ್ತದೆ. ಕೆಲವರು ಸಿಟ್ಟಾಗುತ್ತಾರೆ, ಕೆಲವರು ನಕ್ಕು ಮುಂದೆ ಸಾಗುತ್ತಾರೆ, ಕೆಲವರು ನಿಲ್ಲುತ್ತಾರೆ.

ಪ್ರಶ್ನೆಯಲ್ಲಿ ಹುರುಳಿದೆ. ಭಾರತ 1998ರಿಂದ ಜಗತ್ತಿನಲ್ಲಿಯೇ ಅತಿ ಹೆಚ್ಚು ಹಾಲು ಉತ್ಪಾದಿಸುವ ದೇಶ, 2023-24ರಲ್ಲಿ ಈ ಪ್ರಮಾಣ ಸುಮಾರು 23.9 ಕೋಟಿ ಟನ್. ಕರು ಹಾಕದೆ ಹಸು ಹಾಲು ಕೊಡುವುದಿಲ್ಲ, ಹುಟ್ಟುವ ಕರುಗಳಲ್ಲಿ ಸರಿಸುಮಾರು ಅರ್ಧ ಗಂಡು. ಹಿಂದೆ ಗಂಡು ಕರು ಬೆಳೆದು ನೇಗಿಲಿಗೂ ಗಾಡಿಗೂ ಎತ್ತಾಗುತ್ತಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ಅದಕ್ಕೆ ಹೊಲದಲ್ಲಿ ಕೆಲಸವಿಲ್ಲ. 2019ರ ಜಾನುವಾರು ಗಣತಿಯಲ್ಲಿ ದೇಶದ ದನಗಳ ಸಂಖ್ಯೆ 19 ಕೋಟಿ 30 ಲಕ್ಷ ದಾಟಿತ್ತು. ಅವುಗಳಲ್ಲಿ ಹೆಣ್ಣು 14.5 ಕೋಟಿ, ಗಂಡು ಐದು ಕೋಟಿಗೂ ಕಡಿಮೆ. ಅದಕ್ಕೆ ಹಿಂದಿನ ಏಳು ವರ್ಷಗಳಲ್ಲಿ ಗಂಡು ದನಗಳ ಸಂಖ್ಯೆ ಶೇ 30ರಷ್ಟು ಕುಸಿದಿತ್ತು. ಬೀದಿಯಲ್ಲಿ ಅಲೆಯುವ ದನಗಳು 50 ಲಕ್ಷವೆಂದು ಅದೇ ಗಣತಿ ಲೆಕ್ಕ ಹಾಕಿತು. ಎಮ್ಮೆಯ ವಿಷಯ ಇನ್ನೂ ಸ್ಪಷ್ಟ. ಕೋಣದ, ಎಮ್ಮೆಯ ಮಾಂಸ ರಫ್ತು ಮಾಡುವ ಪ್ರಮುಖ ದೇಶಗಳಲ್ಲಿ ಭಾರತವೂ ಒಂದು. ಹಾಲಿನ ಲೋಟಕ್ಕೂ ಮಾಂಸದ ಪೆಟ್ಟಿಗೆಗೂ ನಡುವಿನ ದಾರಿ ನಾವು ಭಾವಿಸಿದಷ್ಟು ದೂರವಿಲ್ಲ.

ಜೈನಶಾಸ್ತ್ರದಲ್ಲಿ ಹಾಲು ನಿಷಿದ್ಧವಲ್ಲ, ಅದನ್ನು ಅಭಕ್ಷ್ಯವೆಂದು ಸಾರುವುದೂ ಸರಿಯಲ್ಲ. ಶ್ರವಣಬೆಳಗೊಳದಲ್ಲಿ 2018ರಲ್ಲಿ ನಡೆದ ಮಹಾಮಸ್ತಕಾಭಿಷೇಕದಲ್ಲಿಯೂ ಬಾಹುಬಲಿಗೆ ಕ್ಷೀರಾಭಿಷೇಕವಾಯಿತು. ಆದರೆ ಶಾಸ್ತ್ರ ಹಾಲನ್ನು ಒಪ್ಪಿದ ಕಾಲದಲ್ಲಿ ಹಸು ಮನೆಯ ಹಟ್ಟಿಯಲ್ಲಿತ್ತು, ಅದರ ಕರುವಿನ ಗತಿ ಯಜಮಾನನ ಕಣ್ಣೆದುರಿಗಿತ್ತು. ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಗುರುತಿಸುತ್ತದೆ. ಅವು ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಮಿತಿಮೀರಿ ಭಾರ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು. ಕೊಲ್ಲುವುದಕ್ಕೂ ಮುಂಚಿನ ಈ ಐದರಲ್ಲೇ ವ್ರತ ಮಲಿನಗೊಳ್ಳುತ್ತದೆ ಎಂಬುದನ್ನು ಗಮನಿಸಬೇಕು. ಬೀದಿಯ ಪರದೆಯ ಮೇಲೆ ಕಾಣುವುದು ಬಹುಮಟ್ಟಿಗೆ ಇವೇ: ತಿರುಗಾಡಲು ಬಿಡದ ಗೂಟ, ಕೋಲಿನ ಏಟು, ಕತ್ತರಿಸಿದ ಕೊಕ್ಕು, ಲಾರಿಯಲ್ಲಿ ಒತ್ತೊತ್ತಾಗಿ ತುಂಬಿದ ಜಾನುವಾರು, ತಾಯಿಯ ಹಾಲು ಸಿಗದ ಕರು. ಕೃತ, ಕಾರಿತ, ಅನುಮೋದನ ಎಂದು ಹಿಂಸೆಯ ಮೂರು ದಾರಿಗಳನ್ನು ಜೈನರೇ ಲೋಕಕ್ಕೆ ತಿಳಿಸಿದವರು. ಹಣ ಕೊಟ್ಟು ಕೊಂಡದ್ದರ ಹಿಂದೆ ಏನು ನಡೆಯಿತೆಂದು ವಿಚಾರಿಸದಿರುವುದು ಇವುಗಳಲ್ಲಿ ಯಾವುದರ ಹತ್ತಿರಕ್ಕೆ ಬರುತ್ತದೆ ಎಂಬುದನ್ನು ಪ್ರತಿಯೊಬ್ಬ ವ್ರತಿಯೂ ಆಲೋಚಿಸಬೇಕಾಗುತ್ತದೆ.

ಹುಟ್ಟಿನಿಂದ ಬಂದ ಆಚಾರ ವಿಚಾರವಾಗಿ ಬದಲಾಗಲು ಹೊರಗಿನ ಒಂದು ಭೇಟಿ ಬೇಕಾಗುತ್ತದೆ ಎಂಬುದಕ್ಕೆ ಗಾಂಧೀಜಿಯವರ ಜೀವನವೇ ಸಾಕ್ಷಿ. ಲಂಡನ್ನಿಗೆ ಹೊರಡುವ ಮುನ್ನ ಅವರು ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟರು. ಆ ಪ್ರತಿಜ್ಞೆಯನ್ನು ಮಾಡಿಸಿದವರು ಬೇಚರಜೀ ಸ್ವಾಮಿ ಎಂಬ ಜೈನ ಸಾಧುಗಳು. ಆಗ ಗಾಂಧೀಜಿ ಮಾತಿಗೆ ಕಟ್ಟುಬಿದ್ದಿದ್ದರೇ ಹೊರತು ಅವರಿಗೆ ಮಾಂಸಾಹಾರ ತಪ್ಪೆನಿಸಿರಲಿಲ್ಲ. ಲಂಡನ್ನಿನ ಫ್ಯಾರಿಂಗ್ಡನ್ ಬೀದಿಯ ಸಸ್ಯಾಹಾರಿ ಹೋಟೆಲೊಂದರಲ್ಲಿ ಮಾರಾಟಕ್ಕಿಟ್ಟಿದ್ದ ಹೆನ್ರಿ ಸಾಲ್ಟ್ ಅವರ ಪುಸ್ತಕವನ್ನು ಕೊಂಡು ಓದಿದ ಮೇಲೆ ಅವರು ಸ್ವಇಚ್ಛೆಯಿಂದ ಸಸ್ಯಾಹಾರಿಯಾದರು. ಮುಂದೆ ಹಸು-ಎಮ್ಮೆಗಳಿಂದ ಹಾಲು ಹಿಂಡಲು ಕೆಲವರು ಅನುಸರಿಸುತ್ತಿದ್ದ ಕ್ರೂರ ವಿಧಾನಗಳ ಬಗ್ಗೆ ಓದಿದ್ದು ಸಹ 1912ರಲ್ಲಿ ಅವರು ಹಾಲನ್ನೇ ಬಿಡಲು ಒಂದು ಕಾರಣವಾಯಿತು. ಬಳಿಕ ತೀವ್ರ ಕಾಯಿಲೆಯಲ್ಲಿ ಆಡಿನ ಹಾಲಿಗೆ ಒಪ್ಪಿಕೊಂಡರು, ಆ ಒಪ್ಪಿಗೆ ತಮ್ಮನ್ನು ಕೊರೆಯುತ್ತಿತ್ತು ಎಂಬುದನ್ನೂ ಅವರು ಮುಚ್ಚಿಡಲಿಲ್ಲ. 1931ರಲ್ಲಿ ಲಂಡನ್ನಿನ ಸಸ್ಯಾಹಾರಿಗಳ ಸಭೆಯಲ್ಲಿ ಅವರು ನೀಡಿದ ಸಲಹೆಯೂ ಸಹನೆ ಮತ್ತು ವಿನಯದ್ದೇ. ತನ್ನ ವ್ರತದ ಬಿರುಕನ್ನು ಬಲ್ಲವನು ಇನ್ನೊಬ್ಬರ ದೌರ್ಬಲ್ಯದ ಮೇಲೆ ಹರಿಹಾಯುವುದಿಲ್ಲ.

ಈ ಬಗೆಯ ಮಾತಿಗೆ ಕನ್ನಡದಲ್ಲೇ ಎಂಟು ಶತಮಾನ ಹಳೆಯ ಮಾದರಿಯಿದೆ. 1209ರಲ್ಲಿ ಜನ್ನ ರಚಿಸಿದ ಯಶೋಧರ ಚರಿತೆಯಲ್ಲಿ ಚಂಡಮಾರಿಯ ಬಲಿಗಾಗಿ ಅಭಯರುಚಿ ಮತ್ತು ಅಭಯಮತಿ ಎಂಬ ಎಳೆಯ ಒಡಹುಟ್ಟಿದವರನ್ನು ಹಿಡಿದು ತರುತ್ತಾರೆ. ಕತ್ತಿ ಹಿಡಿದ ಮಾರಿದತ್ತ ರಾಜನ ಎದುರು ಆ ಬಾಲಕ ನಿರ್ಭಯವಾಗಿ ನಿಂತು ಮಾತನಾಡುತ್ತಾನೆ. ನೀನು ಪಾಪಿ ಎಂದು ರಾಜನನ್ನು ಅವನು ನಿಂದಿಸುವುದಿಲ್ಲ. ಅವನು ಹೇಳುವುದು ತನ್ನದೇ ಕಥೆಯನ್ನು. ಹಿಂದಿನ ಜನ್ಮವೊಂದರಲ್ಲಿ ತಾನು ಯಶೋಧರನೆಂಬ ರಾಜನಾಗಿದ್ದೆ, ನಿಜವಾದ ಪ್ರಾಣಿಯನ್ನು ಕೊಲ್ಲಲು ಒಪ್ಪದಿದ್ದರೂ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟೆ, ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನೊಂದೆವು ಎಂದು ವಿವರಿಸುತ್ತಾನೆ. ಕೇಳುತ್ತಾ ಹೋದಂತೆ ಮಾರಿದತ್ತನಿಗೆ ತನ್ನ ಮುಂದೆ ಕಟ್ಟಿದ ಸಾವಿರಾರು ಪ್ರಾಣಿಗಳ ಅರ್ಥ ತಾನಾಗಿ ಹೊಳೆಯುತ್ತದೆ. ಬಲಿ ನಿಲ್ಲುತ್ತದೆ, ರಾಜ ವಿರಕ್ತನಾಗುತ್ತಾನೆ. ಕೊಲ್ಲಲು ನಿಂತವನ ಮನಸ್ಸನ್ನು ತೆರೆದದ್ದು, ಹೇಳುವವನು ತನ್ನ ಹಿಂಸೆಯನ್ನು ಮೊದಲು ಒಪ್ಪಿಕೊಂಡ ರೀತಿ.

ಬೀದಿಯ ಸಂವಾದಗಳಲ್ಲೂ ಇದೇ ನಿಜ. ಎದುರಿನವನನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿ ಆರಂಭಿಸಿದ ಮಾತು ವಾದದಲ್ಲಿ ಮುಗಿಯುತ್ತದೆ. ಯಾರು ಗೆದ್ದರೂ ಮರುದಿನದ ಅಡುಗೆ ಬದಲಾಗುವುದಿಲ್ಲ. ತಾನು ಏನನ್ನು ಬಿಟ್ಟೆ, ಏನನ್ನು ಬಿಡಲು ಇನ್ನೂ ಹೆಣಗುತ್ತಿದ್ದೇನೆ ಎಂದು ಹೇಳಬಲ್ಲವನ ಬಳಿ ಜನ ಇನ್ನೂ ಎರಡು ನಿಮಿಷ ನಿಲ್ಲುತ್ತಾರೆ. ಮಾಂಸವನ್ನು ಎಂದೂ ರುಚಿ ನೋಡದವನಿಗೆ ಅದನ್ನು ಬಿಟ್ಟ ಕಷ್ಟ ಗೊತ್ತಿರುವುದಿಲ್ಲ. ಆದ್ದರಿಂದ ಶ್ರಾವಕ ಹೇಳಬಹುದಾದ ನಿಜವಾದ ತ್ಯಾಗದ ಕಥೆ ಬೇರೆ ಕಡೆಯಿಂದ ಬರಬೇಕು. ಅದು ಹಾಲಿನಿಂದ ಬರಬಹುದು, ಗೂಡಿನೊಳಗಿನ ಹುಳುವನ್ನು ಬೇಯಿಸಿ ತೆಗೆದ ರೇಷ್ಮೆಯಿಂದ ಬರಬಹುದು, ಚರ್ಮದ ಪಾದರಕ್ಷೆಯಿಂದ ಬರಬಹುದು.

ಅಂಥ ತ್ಯಾಗಕ್ಕೆ ಜೈನಾಚಾರದಲ್ಲಿ ದಾರಿ ಸಿದ್ಧವಾಗಿಯೇ ಇದೆ. ಆರು ಬಾಹ್ಯ ತಪಸ್ಸುಗಳಲ್ಲಿ ರಸಪರಿತ್ಯಾಗವೂ ಒಂದು. ಹಾಲು, ಮೊಸರು, ತುಪ್ಪ, ಎಣ್ಣೆ, ಸಕ್ಕರೆ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನೋ ಹಲವನ್ನೋ ನಿಯತ ಕಾಲಕ್ಕೆ ಬಿಡುವ ಈ ಅಭ್ಯಾಸ ನಾಲಗೆಯ ಸಂಯಮಕ್ಕಾಗಿ ಬಂದದ್ದು. ಅದೇ ನಿಯಮವನ್ನು ಕರುವನ್ನು ನೆನೆದು ಕೈಗೊಂಡರೆ ಸಂಯಮದೊಡನೆ ಕರುಣೆಯೂ ಸೇರುತ್ತದೆ. ಅಷ್ಟಮಿ ಚತುರ್ದಶಿಗಳಂದು, ದಶಲಕ್ಷಣ ಪರ್ವದ ಹತ್ತು ದಿನಗಳಂದು ಇದನ್ನು ಆರಂಭಿಸಬಹುದು. ಹಾಲು ಬಿಡಲಾಗದವರು ಅದು ಎಲ್ಲಿಂದ ಬರುತ್ತದೆ, ಅಲ್ಲಿ ಗಂಡು ಕರುಗಳನ್ನು ಏನು ಮಾಡುತ್ತಾರೆ ಎಂದು ಹಾಲು ಕೊಡುವವರನ್ನು ಒಮ್ಮೆ ಕೇಳಬಹುದು. ಗೋಶಾಲೆಗೆ ದಾನ ಕೊಡುವವರು ಆ ದಾನ ಹಾಲು ಕೊಡದ ಹಸುಗಳಿಗೂ ಹೋರಿಗರುಗಳಿಗೂ ತಲುಪುತ್ತಿದೆಯೇ ಎಂದು ವಿಚಾರಿಸಬಹುದು. ಶಾಲೆಯ ಮಕ್ಕಳ ಊಟಕ್ಕೆ ಬೇಳೆಕಾಳುಗಳ ವ್ಯವಸ್ಥೆಯನ್ನು ಸಮಾಜವೇ ವಹಿಸಿಕೊಳ್ಳಬಹುದು.

ಪರದೆ ಹಿಡಿದು ನಿಂತ ಯುವಜನರಲ್ಲಿ ಅನೇಕರಿಗೆ ಅಣುವ್ರತ, ಅತಿಚಾರಗಳ ಹೆಸರು ತಿಳಿದಿರಲಾರದು. ಅವರ ಮಾತಿನಲ್ಲಿ ಕೆಲವೊಮ್ಮೆ ಬಿರುಸು ಇರುತ್ತದೆ, ಭಾಷಾಸಮಿತಿಯ ಪಾಠ ಅವರಿಗೂ ಬೇಕು. ಅದನ್ನು ಕಲಿಸುವ ಯೋಗ್ಯತೆ ಶ್ರಾವಕನಿಗಿದೆ, ಆದರೆ ಅವರ ಪ್ರಶ್ನೆಗೆ ಉತ್ತರಿಸಿದ ಮೇಲೆ. ನೇಮಿನಾಥರು ಬೇಲಿಯೊಳಗಿನ ಕೂಗು ಕೇಳಿದಾಗ, ನಾನು ಮಾಂಸ ತಿನ್ನುವವನಲ್ಲ ಎಂದುಕೊಂಡು ರಥವನ್ನು ಮುಂದಕ್ಕೆ ಓಡಿಸಲಿಲ್ಲ. ತನ್ನ ನಿಮಿತ್ತ ನಡೆಯುವ ಹಿಂಸೆ ಯಾವುದೆಂದು ಕೇಳಿ ತಿಳಿದರು. ಆ ವಿಚಾರಣೆ ಪ್ರತಿ ಶ್ರಾವಕನ ಮನೆಯ ಅಡುಗೆಯ ಕೋಣೆಯಲ್ಲಿ ಈ ವಾರವೇ ಆರಂಭವಾಗಬಹುದು.